ಮಳೆ ಮರುದಿನ ಹೊಲದಲ್ಲಿ ಕಾಣೋ ಲೋಳೆ ಏನು? ಯಾವುದನ್ನ ಮುಟ್ಟಬಹುದು, ಯಾವುದನ್ನ ಮುಟ್ಟಬಾರದು?

ತುಮಕೂರು: ಒಂದು ಹದ ಮಳೆ ಬಿದ್ದರೆ ಸಾಕು. ಮರುದಿನ ಬೆಳಗ್ಗೆ ಹೊಲದ ಬದುವಿನಲ್ಲೋ, ತೋಟದ ನೀರಿನ ತೊಟ್ಟಿಯಲ್ಲೋ, ಲೇಔಟ್‌ನ ಖಾಲಿ ಸೈಟಿನಲ್ಲೋ ಲೋಳೆಯಂಥ ಒಂದು ಪದಾರ್ಥ ಕಾಣಿಸಿಕೊಳ್ಳುತ್ತೆ. ನಿನ್ನೆ ಸಂಜೆ ಇರಲಿಲ್ಲ, ಬೆಳಗ್ಗೆ ಇದೆ. ಯಾರೋ ಫೋಟೊ ತೆಗೆದು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ಮಧ್ಯಾಹ್ನದ ಹೊತ್ತಿಗೆ ಅದು ‘ಆಕಾಶದಿಂದ ಬಿದ್ದಿದ್ದು’ ಆಗಿರುತ್ತೆ, ಸಂಜೆಗೆ ‘ಯಾರೋ ಮಾಟ ಮಾಡಿಸಿದ್ದು’ ಆಗಿರುತ್ತೆ.

ಗುಬ್ಬಿ, ಕುಣಿಗಲ್, ತುಮಕೂರು ಸುತ್ತಮುತ್ತ ಹೀಗೆ ಕಾಣೋ ಲೋಳೆಗಳಲ್ಲಿ ಹೆಚ್ಚಿನವು ಯಾರಿಗೂ ತೊಂದರೆ ಕೊಡಲ್ಲ. ಆದರೆ ಎಲ್ಲವೂ ಹಾಗಲ್ಲ. ಕಂದು ಹಾಕಿದ ಹಸುವಿನ ಮಾಸು, ರಸ್ತೆ ಬದಿ ಎಸೆದ ಡೈಪರಿನ ಜೆಲ್, ಮಕ್ಕಳ ಆಟದ ನೀರುಮಣಿ ಇವು ಅಪಾಯ. ತೆಂಗಿನ ಬುಡದ ಸೋರಿಕೆ ಮನುಷ್ಯರಿಗೆ ಏನೂ ಮಾಡಲ್ಲ, ಮರವನ್ನೇ ತಿನ್ನುತ್ತೆ. ಬೇಸರದ ಸಂಗತಿ ಅಂದರೆ ಜನ ಹೆದರೋದು ಉಲ್ಟಾ. ಪಾಪದ ಕಪ್ಪೆ ಮೊಟ್ಟೆಗೆ ಫಿನಾಯಿಲ್ ಸುರೀತಾರೆ, ಹಸುವಿನ ಮಾಸನ್ನ ಬರಿಗೈಯಲ್ಲಿ ಎತ್ತಿ ಎಸೀತಾರೆ.

ಮೊದಲು ಅದು ಎಲ್ಲಿದೆ ನೋಡಿ

ಲೋಳೆಯ ಬಣ್ಣಕ್ಕಿಂತ ಅದು ಬಿದ್ದಿರೋ ಜಾಗ ಹೆಚ್ಚು ಹೇಳುತ್ತೆ. ಬರಿ ಮಣ್ಣಿನ ಮೇಲೆ ಹರಡಿದೆಯಾ, ನೀರಿನ ಒಳಗಿದೆಯಾ, ನೀರಿನ ಮೇಲಿನ ಗೋಡೆಗೆ ಅಂಟಿದೆಯಾ, ಮರಕ್ಕೆ ಅಂಟಿದೆಯಾ, ಕೊಟ್ಟಿಗೆ ಹತ್ತಿರವಾ, ರಸ್ತೆ ಬದಿ ಕಸದ ಹತ್ತಿರವಾ? ಇಷ್ಟಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗೀತು.

ಆಮೇಲೆ ಒಂದು ಕಡ್ಡಿ ತಗೊಂಡು ಅಲುಗಾಡಿಸಿ ನೋಡಿ, ಕೈ ಹಾಕಬೇಡಿ. ಒಳಗೆ ಕಪ್ಪು ಚುಕ್ಕೆ ಇದ್ದರೆ ಅದು ಮೊಟ್ಟೆ. ಎಲೆ ಮುದುರಿದ ಹಾಗೆ ಮಡಿಕೆ ಮಡಿಕೆ ಇದ್ದರೆ ಪಾಚಿ ಜಾತಿ. ಒಡೆದ ಗಾಜಿನ ಚೂರಿನ ಹಾಗೆ ಹರಳು ಹರಳಾಗಿ ಹೊಳೆದರೆ ಕಾರ್ಖಾನೆಯಲ್ಲಿ ಮಾಡಿದ ಜೆಲ್ ಇರಬಹುದು. ಫೋಟೊ ತೆಗೆಯೋದಾದರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ತೆಗೀರಿ, ನೋಡಿದವರಿಗೆ ಅಳತೆ ಗೊತ್ತಾಗುತ್ತೆ. ಹತ್ತಿರದಿಂದ ಒಂದು ಫೋಟೊ, ಸುತ್ತಲ ಜಾಗ ಕಾಣೋ ಹಾಗೆ ಇನ್ನೊಂದು. ಗ್ರೂಪುಗಳಲ್ಲಿ ಓಡಾಡೋ ಫೋಟೊಗಳಲ್ಲಿ ಈ ಎರಡನೇದೇ ಇರಲ್ಲ, ಅದಕ್ಕೇ ಯಾರಿಗೂ ಏನೂ ಗೊತ್ತಾಗಲ್ಲ.

ಮಣ್ಣಿನ ಮೇಲಿನ ಕರಿಹಸಿರು ಲೋಳೆ: ನಾಸ್ಟಾಕ್

ಅತಿ ಹೆಚ್ಚು ಗಾಬರಿ ಹುಟ್ಟಿಸೋದು ಇದೇ. ಶಾಲೆ ಮೈದಾನ, ದೇವಸ್ಥಾನದ ಅಂಗಳ, ಜಲ್ಲಿ ಹಾಕಿದ ಸೈಟು, ಸಿಮೆಂಟ್ ತಾರಸಿ, ನರ್ಸರಿಯ ನೆಲ, ಹೀಗೆ ಹುಲ್ಲು ಕಡಿಮೆ ಇದ್ದು ಮಣ್ಣು ಗಟ್ಟಿಯಾಗಿರೋ ಕಡೆ ನಾಲ್ಕು ದಿನ ಸೋನೆ ಹಿಡಿದರೆ ಕರಿಹಸಿರು ಅಥವಾ ಕಂದುಹಸಿರು ಬಣ್ಣದ, ಮುದುರಿದ ರಬ್ಬರ್ ಹಾಳೆಯಂಥ ಲೋಳೆ ನೆಲದ ತುಂಬ ಹರಡುತ್ತೆ. ಮುಟ್ಟಿದರೆ ತಣ್ಣಗೆ, ಜಾರುತ್ತೆ. ವಾಸನೆ ಹೆಚ್ಚೇನಿಲ್ಲ, ಮಣ್ಣಿನದೇ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಇದರ ಹೆಸರು ಗೊತ್ತು, ಆದರೆ ಕಾಲ ಕೆಳಗೆ ಕಂಡಾಗ ಗುರುತು ಸಿಗಲ್ಲ. ಇದು ನಾಸ್ಟಾಕ್. ಹಿಂದೆ ನೀಲಿಹಸಿರು ಪಾಚಿ ಅಂತಿದ್ದರು, ಈಗ ಸೈನೋಬ್ಯಾಕ್ಟೀರಿಯಾ ಅಂತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಣಿ ಪೋಣಿಸಿದ ಸರದಂಥ ಜೀವಕೋಶಗಳು, ಅವುಗಳ ಸುತ್ತ ಲೋಳೆಯ ಹೊದಿಕೆ. ಆ ಹೊದಿಕೆಯೇ ಇದರ ನೀರಿನ ಟ್ಯಾಂಕು.

ಹಾಗಾದರೆ ರಾತ್ರೋರಾತ್ರಿ ಬಂದಿದ್ದು ಹೇಗೆ? ಬಂದಿಲ್ಲ, ಅಲ್ಲೇ ಇತ್ತು. ಬೇಸಿಗೆಯಲ್ಲಿ ಇದು ಒಣಗಿ ಕಪ್ಪು ಕಾಗದದ ಚೂರಿನ ಹಾಗೆ, ಸುಟ್ಟ ಎಲೆಯ ಹಾಗೆ ನೆಲಕ್ಕೆ ಅಂಟಿಕೊಂಡಿರುತ್ತೆ. ಯಾರೂ ಗಮನಿಸಲ್ಲ. ಮಳೆ ನೀರು ತಾಗಿದ ಸ್ವಲ್ಪ ಹೊತ್ತಿಗೇ ಉಬ್ಬಿ ಹತ್ತಾರು ಪಟ್ಟು ದಪ್ಪ ಆಗುತ್ತೆ. ಹೀಗೆ ಒಣಗಿಸಿಟ್ಟ ಮಾದರಿಗಳು ದಶಕಗಟ್ಟಲೆ ಆದಮೇಲೂ ನೀರು ಕಂಡು ಜೀವ ತಾಳಿವೆ. ನಂಬಿಕೆ ಬರದಿದ್ದರೆ ಒಂದು ಚೂರು ಒಣಗಿಸಿ ಕಾಗದದಲ್ಲಿ ಮಡಚಿಟ್ಟು, ಬೇಸಿಗೆಯಲ್ಲಿ ಒಂದು ಲೋಟ ನೀರಿಗೆ ಹಾಕಿ ನೋಡಬಹುದು.

ಇದರಿಂದ ಲಾಭವೂ ಇದೆ. ಗಾಳಿಯಲ್ಲಿರೋ ಸಾರಜನಕವನ್ನ ಹಿಡಿದು ಮಣ್ಣಿಗೆ ಸೇರಿಸೋ ಶಕ್ತಿ ಇದಕ್ಕಿದೆ. ಭತ್ತದ ಗದ್ದೆಗಳಲ್ಲಿ ನೀಲಿಹಸಿರು ಪಾಚಿ ಈ ಕೆಲಸ ಮಾಡುತ್ತೆ ಅಂತ 1939ರಲ್ಲೇ ನಮ್ಮ ದೇಶದ ವಿಜ್ಞಾನಿ ಪಿ.ಕೆ. ಡೇ ತೋರಿಸಿದ್ದರು. ಇವತ್ತು ಭತ್ತಕ್ಕೆ ಹಾಕೋ ಪಾಚಿ ಗೊಬ್ಬರದಲ್ಲಿ ಇದರ ಬಂಧುಬಳಗವೇ ಇರೋದು. ಕೆರೆ ಕೆಳಗಿನ ಗದ್ದೆಯಲ್ಲಿ ಇದು ಕಂಡರೆ ಓಡಿಸಬೇಕಾಗಿಲ್ಲ.

ತೊಂದರೆ ಒಂದೇ, ಜಾರೋದು. ಅಂಗಳದಲ್ಲಿ, ದೇವಸ್ಥಾನದ ಮೆಟ್ಟಿಲ ಹತ್ತಿರ ವಯಸ್ಸಾದವರು ಜಾರಿ ಬಿದ್ದರೆ ಸೊಂಟ ಮುರಿಯೋದು ಖಂಡಿತ. ಇಂಥ ನೆಲದ ಮೇಲೆ ಬೈಕ್ ಬ್ರೇಕ್ ಹಿಡಿದರೂ ಅದೇ ಕಥೆ. ತೆಗೆಯಬೇಕಾದರೆ ಹಸಿ ಇದ್ದಾಗ ಉಜ್ಜಬೇಡಿ, ಇನ್ನಷ್ಟು ಹರಡುತ್ತೆ. ಎರಡು ದಿನ ಬಿಸಿಲು ಬಿದ್ದು ಒಣಗಿದ ಮೇಲೆ ಸಲಿಕೆಯಲ್ಲಿ ಕೆರೆದು ಗುಡಿಸಿ. ನೀರು ನಿಲ್ಲದ ಹಾಗೆ ಇಳಿಜಾರು ಮಾಡಿ. ಕಳೆನಾಶಕ ಹೊಡೆಯೋದು ವ್ಯರ್ಥ, ಸುತ್ತಲ ಹುಲ್ಲು ಸತ್ತು ಇದಕ್ಕೇ ಜಾಗ ಜಾಸ್ತಿ ಆಗುತ್ತೆ. ಚೀನಾದಲ್ಲಿ ಇದರ ಕೆಲವು ಜಾತಿಗಳನ್ನ ತಿಂತಾರೆ ಅಂತ ಯೂಟ್ಯೂಬ್ ನೋಡಿ ಪಲ್ಯ ಮಾಡೋಕೆ ಹೋಗಬೇಡಿ. ರಸ್ತೆ ಬದಿಯ, ಚರಂಡಿ ಬದಿಯ ಲೋಳೆ ತಿನ್ನೋ ವಸ್ತು ಅಲ್ಲ.

ತೊಟ್ಟಿಯಲ್ಲಿ ನೊರೆ, ಗುಂಡಿಯಲ್ಲಿ ಕಪ್ಪು ಮಣಿಸರ

ತೋಟದ ಸಿಮೆಂಟ್ ತೊಟ್ಟಿಯ ಒಳಗೋಡೆಗೆ, ನೀರಿನ ಮಟ್ಟಕ್ಕಿಂತ ಒಂದೆರಡು ಅಡಿ ಮೇಲೆ, ಬೆಳ್ಳಗೆ ಮೊಟ್ಟೆಯ ಬಿಳಿ ಕಡೆದಿಟ್ಟ ಹಾಗೆ ಒಂದು ಮುಷ್ಟಿಯಷ್ಟು ನೊರೆ ಅಂಟಿಕೊಂಡಿದ್ದರೆ ಅದು ಮರಗಪ್ಪೆಯ ಗೂಡು. ನೀರಿನ ಮೇಲೆ ಬಾಗಿದ ಕೊಂಬೆಗೂ ಹೀಗೇ ಕಟ್ಟುತ್ತೆ. ಹೆಣ್ಣು ಕಪ್ಪೆ ತನ್ನ ಮೈಯಿಂದ ಬರೋ ಲೋಳೆಯನ್ನ ಹಿಂಗಾಲಲ್ಲಿ ಕಡೆದು ಕಡೆದು ನೊರೆ ಎಬ್ಬಿಸಿ ಅದರೊಳಗೆ ಮೊಟ್ಟೆ ಇಡುತ್ತೆ. ಹೊರಗಿನ ಪದರ ಒಣಗಿ ಗಟ್ಟಿ ಆಗುತ್ತೆ, ಒಳಗೆ ಹಸಿ ಇರುತ್ತೆ. ಕೆಲವು ದಿನಕ್ಕೆ ಮರಿಗಳು ನೊರೆಯಿಂದ ಜಾರಿ ಕೆಳಗಿನ ನೀರಿಗೆ ಬೀಳ್ತವೆ. ಮಳೆಗಾಲದ ಆರಂಭದಲ್ಲಿ ಇದು ಹೆಚ್ಚು.

ಇದನ್ನ ಸೋಪಿನ ನೊರೆ ಅಂತಲೋ ಯಾರೋ ತೊಟ್ಟಿಗೆ ವಿಷ ಹಾಕಿದ್ದಾರೆ ಅಂತಲೋ ತಪ್ಪು ತಿಳಿಯೋರಿದ್ದಾರೆ. ವ್ಯತ್ಯಾಸ ಸುಲಭ. ಸೋಪಿನ ನೊರೆ ನೀರಿನ ಮೇಲೆ ತೇಲುತ್ತೆ, ಗಾಳಿಗೆ ಹಾರುತ್ತೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳಿಂದ ರಸ್ತೆಗೆ ಉಕ್ಕಿದ್ದು ಆ ಥರದ್ದು, ಕೊಳಚೆ ನೀರಿನದು. ಕಪ್ಪೆ ನೊರೆ ಒಂದೇ ಕಡೆ ಅಂಟಿಕೊಂಡು ಕೂತಿರುತ್ತೆ.

ಇನ್ನು ರಸ್ತೆ ಗುಂಡಿ, ಕೃಷಿಹೊಂಡ, ಕೆರೆ ಅಂಚಿನ ನಿಂತ ನೀರಲ್ಲಿ ಲೋಳೆಯ ಉದ್ದನೆ ದಾರ, ಅದರೊಳಗೆ ಕಪ್ಪು ಸಾಸಿವೆ ಪೋಣಿಸಿದ ಹಾಗೆ ಚುಕ್ಕೆಗಳು ಕಂಡರೆ ಅದು ಮೈತುಂಬ ಗಂಟಿರೋ ನೆಲಗಪ್ಪೆಯ ಮೊಟ್ಟೆ. ಒಂದೊಂದು ಸಲಕ್ಕೆ ಸಾವಿರಗಟ್ಟಲೆ ಇಡುತ್ತೆ. ದಾರಗಳು ಗರಿಕೆ, ಕಡ್ಡಿಗೆ ಸುತ್ತಿಕೊಂಡಿರುತ್ತವೆ. ಈ ಮೊಟ್ಟೆಯಲ್ಲೂ ಮರಿಯಲ್ಲೂ ವಿಷದ ಅಂಶ ಇರೋದರಿಂದ ಮಕ್ಕಳು ಕೈಯಲ್ಲಿ ಹಿಡಿದು ಆಡಿದರೆ ಸೋಪು ಹಾಕಿ ಕೈ ತೊಳೆಸಿ. ದಾರ ಇಲ್ಲದೆ ನೀರಿನ ಮೇಲೆ ತೆಳುವಾದ ಕೆನೆಯ ಹಾಗೆ ಚುಕ್ಕೆ ಚುಕ್ಕೆ ಲೋಳೆ ತೇಲ್ತಾ ಇದ್ದರೆ ಅದು ಬೇರೆ ಸಣ್ಣ ಕಪ್ಪೆಗಳದ್ದು.

ಕುಡಿಯೋ ನೀರಿನ ತೊಟ್ಟಿ ಆದರೆ ನೊರೆ ಗೂಡನ್ನ ಹಲಗೆ ಚೂರಿನಿಂದ ಎತ್ತಿ ಹತ್ತಿರದ ಕಟ್ಟೆ ಅಥವಾ ಹೊಂಡದ ನೀರಿನ ಮೇಲಿನ ಗಿಡಕ್ಕೆ ಸಿಕ್ಕಿಸಿ, ತೊಟ್ಟಿ ತೊಳೆದು ಮುಚ್ಚಳ ಹಾಕಿ. ದನ ಕುಡಿಯೋ ತೊಟ್ಟಿಗೆ ಫಿನಾಯಿಲ್, ಸೀಮೆಎಣ್ಣೆ ಹಾಕೋದು ಕಪ್ಪೆಗಿಂತ ದನಕ್ಕೇ ಕೆಟ್ಟದ್ದು. ಕಪ್ಪೆ ಬೆಳೆಗೆ ಬೀಳೋ ಹುಳ ತಿನ್ನೋ ಪ್ರಾಣಿ. ಹಿಂದೆ ಕಪ್ಪೆ ಕಾಲನ್ನ ವಿದೇಶಕ್ಕೆ ಕಳಿಸ್ತಾ ಇದ್ದ ನಮ್ಮ ದೇಶ 1987ರಲ್ಲಿ ಆ ರಫ್ತು ನಿಲ್ಲಿಸಿತು. ರಾಜ್ಯದ ಹಲವು ಕಡೆ ಮಳೆ ಬರಲಿ ಅಂತ ಕಪ್ಪೆಗೆ ಮದುವೆ ಮಾಡ್ತಾರೆ. ಮದುವೆ ಮಾಡಿಸಿದ ಮೇಲೆ ಅದರ ಮೊಟ್ಟೆಗೆ ಬ್ಲೀಚಿಂಗ್ ಪೌಡರ್ ಹಾಕೋದು ಯಾವ ನ್ಯಾಯ?

ಆಕಾಶದಿಂದ ಬಿತ್ತಾ?

ಚುಕ್ಕೆ ಇಲ್ಲ, ಬಣ್ಣ ಇಲ್ಲ, ಹುಲ್ಲಿನ ಮೇಲೆ ಒಂದು ಬೊಗಸೆ ತಿಳಿ ಲೋಳೆ. ಇಂಥದ್ದು ಸಿಕ್ಕಾಗಲೇ ಆಕಾಶದ ಮಾತು ಬರೋದು. ಇದು ನಮ್ಮ ಕಡೆ ಮಾತ್ರ ಅಲ್ಲ. ಯುರೋಪಿನಲ್ಲಿ ನೂರಾರು ವರ್ಷದಿಂದ ಇದನ್ನ ನಕ್ಷತ್ರದ ಲೋಳೆ ಅಂತ ಕರೀತಾರೆ, ಬಿದ್ದ ಉಲ್ಕೆ ಕೊಳೆತು ಹೀಗಾಗುತ್ತೆ ಅನ್ನೋ ನಂಬಿಕೆ. 2013ರ ಫೆಬ್ರುವರಿಯಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿದ ದಿನಗಳಲ್ಲೇ ಇಂಗ್ಲೆಂಡಿನ ಹ್ಯಾಮ್ ವಾಲ್ ಪಕ್ಷಿಧಾಮದಲ್ಲಿ ಲೋಳೆ ಕಂಡು ದೊಡ್ಡ ಸುದ್ದಿ ಆಗಿತ್ತು.

ಹೆಚ್ಚಿನ ಇಂಥ ಪ್ರಕರಣಕ್ಕೆ ವಿಜ್ಞಾನಿಗಳು ಕೊಡೋ ವಿವರಣೆ ಸಪ್ಪೆಯಾಗಿದೆ, ಆದರೆ ನಂಬೋ ಹಾಗಿದೆ. ಮೊಟ್ಟೆ ಇಡೋ ಕಾಲದಲ್ಲಿ ಹೆಣ್ಣು ಕಪ್ಪೆಯ ಹೊಟ್ಟೆಯಲ್ಲಿ ಮೊಟ್ಟೆಗೆ ಸುತ್ತೋ ಲೋಳೆ ಒಣ ರೂಪದಲ್ಲಿ ತುಂಬಿರುತ್ತೆ. ಕೊಕ್ಕರೆಯೋ ಬೇರೆ ಪ್ರಾಣಿಯೋ ಕಪ್ಪೆಯನ್ನ ತಿಂದು ಆ ಭಾಗವನ್ನ ಬಿಟ್ಟರೆ, ಅಥವಾ ಕಕ್ಕಿದರೆ, ಅದು ಮಳೆ ನೀರು ಕುಡಿದು ಕಪ್ಪೆಗಿಂತ ದೊಡ್ಡದಾಗಿ ಉಬ್ಬುತ್ತೆ. ಕಪ್ಪೆ ಕಾಣಲ್ಲ, ಲೋಳೆ ಮಾತ್ರ ಕಾಣುತ್ತೆ. ಕೊಕ್ಕರೆಗಳು ಸಾಲಾಗಿ ನಿಲ್ಲೋ ಕೆರೆ ಏರಿ, ಗದ್ದೆ ಬದುವಿನಲ್ಲಿ ಇಂಥದ್ದು ಸಿಕ್ಕರೆ ಮೊದಲು ಇದನ್ನೇ ಅನುಮಾನಿಸಬೇಕು.

ಆಕಾಶದ ಕಥೆ ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಪಕ್ಕದ ಕೇರಳವೇ ಉದಾಹರಣೆ. 2001ರ ಜುಲೈ ಕೊನೆಯಲ್ಲಿ ಕೊಟ್ಟಾಯಂ, ಇಡುಕ್ಕಿ ಕಡೆ ಕೆಂಪು ಮಳೆ ಬಿತ್ತು, ಬಟ್ಟೆಗೆಲ್ಲ ಕೆಂಪು ಕಲೆ. ಉಲ್ಕೆ ಸಿಡಿದಿದ್ದು ಅಂದರು. ಅದರಲ್ಲಿರೋದು ಬೇರೆ ಲೋಕದ ಜೀವಕೋಶ ಇರಬಹುದು ಅಂತ ಭೌತವಿಜ್ಞಾನಿಗಳಿಬ್ಬರು ಪ್ರಬಂಧವನ್ನೇ ಬರೆದರು. ಆದರೆ ತಿರುವನಂತಪುರದ ಭೂವಿಜ್ಞಾನ ಅಧ್ಯಯನ ಕೇಂದ್ರ ಮತ್ತು ಉಷ್ಣವಲಯ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆಯವರು ಆ ನೀರಿನ ಕಣಗಳನ್ನ ಬೆಳೆಸಿ ನೋಡಿದಾಗ ಬಂದಿದ್ದು ಟ್ರೆಂಟಿಪೋಲಿಯಾ ಅನ್ನೋ ಪಾಚಿ. ಮರದ ತೊಗಟೆ, ಬಂಡೆ ಮೇಲೆ ಕಿತ್ತಳೆ ಬಣ್ಣಕ್ಕೆ ಬೆಳೆಯೋ ಪಾಚಿ, ಅದರ ಬೀಜಕಣ ಮಳೆಯಲ್ಲಿ ಬಂದಿತ್ತು. ಉತ್ತರ ಸಿಕ್ಕಿದ್ದು ಅದೇ ಊರಿನ ಮರದ ಮೇಲೆ.

ಕೊಟ್ಟಿಗೆ ಸುತ್ತ ಇದ್ದರೆ ಹುಷಾರ್

ಹಸು ಬೆದೆಗೆ ಬಂದಾಗ ಬಾಲದ ಬುಡದಿಂದ ನೆಲದವರೆಗೆ ಇಳಿಯೋ ತಿಳಿ ಲೋಳೆ ಸಾಕಿದವರಿಗೆಲ್ಲ ಗೊತ್ತು. ಮೊಟ್ಟೆಯ ಬಿಳಿಯ ಹಾಗೆ ಸ್ವಚ್ಛ ಇದ್ದರೆ ಒಳ್ಳೇದು. ಬೆಳಗ್ಗೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಇಂಜೆಕ್ಷನ್ ಕೊಡಿಸೋದು ರೂಢಿ. ಅದೇ ಲೋಳೆ ಬಿಳಿ, ಹಳದಿ, ಕೀವಿನ ಹಾಗೆ ಇದ್ದು ವಾಸನೆ ಬಂದರೆ ಗರ್ಭಕೋಶದಲ್ಲಿ ಸೋಂಕು. ಆಗ ಇಂಜೆಕ್ಷನ್ ಕೊಡಿಸಿದರೆ ದುಡ್ಡು ದಂಡ, ಮೊದಲು ಚಿಕಿತ್ಸೆ ಆಗಬೇಕು.

ಇದಕ್ಕಿಂತ ಗಂಭೀರ ಮಾಸಿನ ವಿಷಯ. ಹಸು ಕರು ಹಾಕಿದ ಮೇಲೆ ಬೀಳೋ ಮಾಸನ್ನ ಹುಲ್ಲಿನಲ್ಲಿ ಸುತ್ತಿ, ಹಾಲು ಬರೋ ಆಲದ ಮರಕ್ಕೆ ಕಟ್ಟೋ ಪದ್ಧತಿ ಹಳ್ಳಿಗಳಲ್ಲಿದೆ. ಹಾಲು ಹೆಚ್ಚುತ್ತೆ ಅಂತ ನಂಬಿಕೆ. ನಾಯಿಗೆ ಸಿಗದ ಹಾಗೆ ಎತ್ತರಕ್ಕೆ ಕಟ್ಟಿದ್ದರಲ್ಲಿ ಹಿರಿಯರ ಲೆಕ್ಕಾಚಾರವೂ ಇದ್ದಿರಬೇಕು. ಆದರೆ ಗಂಟು ಹರಿದು ಕೆಳಗೆ ಬಿದ್ದರೆ, ಇಲ್ಲ ಯಾರೋ ಹಳ್ಳಕ್ಕೆ ಎಸೆದಿದ್ದರೆ, ಎರಡು ದಿನದ ಮಳೆಗೆ ಅದು ಗುರುತೇ ಸಿಗದ ಕೆಂಪು ಬಿಳಿ ಲೋಳೆ ಮುದ್ದೆ ಆಗುತ್ತೆ. ಪೊರೆ ಇರುತ್ತೆ, ರಕ್ತನಾಳದ ಗೆರೆ ಇರುತ್ತೆ, ಗುಂಡಿಯಂಥ ಗಂಟುಗಳಿರುತ್ತವೆ, ನಾತ ಹೊಡೆಯುತ್ತೆ. ವಾಟ್ಸಾಪ್‌ನಲ್ಲಿ ‘ವಿಚಿತ್ರ ಜೀವಿ’ ಅಂತ ಓಡಾಡೋ ಫೋಟೊ ಇಂಥದ್ದೂ ಆಗಿರಬಹುದು.

ಅದು ತಿಂಗಳು ತುಂಬದೆ ಕಂದು ಹಾಕಿದ ಹಸುವಿನದಾದರೆ ಅಪಾಯ. ಬ್ರುಸೆಲ್ಲೋಸಿಸ್ ಅನ್ನೋ ರೋಗದಲ್ಲಿ ಹಸು, ಎಮ್ಮೆ ಗಬ್ಬದ ಕೊನೇ ತಿಂಗಳುಗಳಲ್ಲಿ ಕಂದು ಹಾಕುತ್ತೆ, ಮಾಸು ಸರಿಯಾಗಿ ಬೀಳಲ್ಲ. ಆ ಮಾಸು, ಸತ್ತ ಕರು, ಲೋಳೆ ಎಲ್ಲದರಲ್ಲೂ ರೋಗಾಣು ತುಂಬಿರುತ್ತೆ. ಕೈಯ ಗಾಯದಿಂದ, ಕಣ್ಣಿಗೆ ಸಿಡಿದರೆ, ಕಾಯಿಸದ ಹಾಲಿನಿಂದ ಮನುಷ್ಯರಿಗೂ ಬರುತ್ತೆ. ಬಂದು ಬಂದು ಹೋಗೋ ಜ್ವರ, ರಾತ್ರಿ ಬೆವರು, ಕೀಲು ನೋವು, ಸೊಂಟ ನೋವು. ವಾರಗಟ್ಟಲೆ ಜ್ವರ ಬಿಡದೆ ಕ್ಲಿನಿಕ್ಕಿಂದ ಕ್ಲಿನಿಕ್ಕಿಗೆ ಅಲೆಯೋ ದನ ಸಾಕುವವರು ಡಾಕ್ಟರ ಹತ್ತಿರ ‘ಹಸು ಕಂದು ಹಾಕಿತ್ತು, ಮಾಸು ನಾನೇ ತೆಗೆದಿದ್ದು’ ಅನ್ನೋ ಒಂದು ಮಾತು ಹೇಳಿದರೆ ಪರೀಕ್ಷೆ ಬೇಗ ಆಗುತ್ತೆ. ಚಿಕಿತ್ಸೆ ಇದೆ, ಆದರೆ ಮಾತ್ರೆ ಕೆಲವು ವಾರ ಬಿಡದೆ ತಗೋಬೇಕು.

ಹಾಗಾಗಿ ಇಂಥ ಮುದ್ದೆ ಕಂಡರೆ ಬರಿಗೈ ಹಾಕಬೇಡಿ. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಂಡು, ನಾಯಿ ಕೆದಕದಷ್ಟು ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ. ಗರ್ಭಿಣಿಯರನ್ನ ದೂರ ಇಡಿ. ಕರು ಹಾಕಿ 12 ಗಂಟೆ ಕಳೆದರೂ ಮಾಸು ಬೀಳದಿದ್ದರೆ ಎಳೆಯೋಕೆ ಹೋಗದೆ ಪಶು ವೈದ್ಯರನ್ನ ಕರೆಸಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಈ ರೋಗದ ಲಸಿಕೆ ಜೀವಮಾನಕ್ಕೆ ಒಂದೇ ಸಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಇದು ಸೇರಿದೆ. ಕಾಲುಬಾಯಿ ಲಸಿಕೆಗೆ ಬಂದವರನ್ನ ಇದರ ಬಗ್ಗೆಯೂ ಕೇಳಿ.

ಮರಕ್ಕೆ ಅಂಟಿದ್ದರೆ

ಜಾಲಿ, ಬೇವು, ಮಾವು, ನುಗ್ಗೆ ಮರಗಳಿಂದ ಬರೋ ಅಂಟು ಒಣಗಿದಾಗ ಗಟ್ಟಿ, ಮಳೆಗೆ ನೆಂದಾಗ ಲೋಳೆ. ನುಗ್ಗೆಯದ್ದು ಮೊದಲು ಬೆಳ್ಳಗಿದ್ದು ಆಮೇಲೆ ಕೆಂಪುಕಂದು ಆಗಿ, ನೀರು ಕುಡಿದು ಮಾಂಸದ ತುಂಡಿನ ಹಾಗೆ ಉಬ್ಬುತ್ತೆ. ನೋಡಿ ಬೆಚ್ಚಿದವರು ಮರದ ಮೇಲೆ ತಲೆ ಎತ್ತಿದರೆ ಸಾಕು, ಗಾಯ ಕಾಣುತ್ತೆ. ಚೇಳೂರು ಕಡೆಯ ಹಲಸಿನ ಮೇಣ ಹಾಗಲ್ಲ, ಅದು ನೀರಿಗೆ ಕರಗಲ್ಲ, ರಬ್ಬರಿನ ಹಾಗೆ ಎಳೆ ಬರುತ್ತೆ.

ತೆಂಗಿನ ವಿಷಯ ಬೇರೆ. ಗುಬ್ಬಿ, ಕುಣಿಗಲ್ ತೋಟಗಳಲ್ಲಿ ಕಾಂಡದ ಬಿರುಕಿನಿಂದ ಕೆಂಪುಕಂದು ರಸ ಇಳಿದು, ಒಣಗಿ ಕಪ್ಪು ಕಲೆ ಆಗಿರೋದನ್ನ ‘ಮರ ಬೆವರ್ತಾ ಇದೆ’ ಅಂತ ಸುಮ್ಮನೆ ಬಿಟ್ಟರೆ ನಷ್ಟ. ಅದು ಶಿಲೀಂಧ್ರದಿಂದ ಬರೋ ಕಾಂಡ ಸೋರುವ ರೋಗ. ತೊಗಟೆ ಕೆಳಗೆ ಕಾಂಡ ಕೊಳೀತಾ ಹೋಗುತ್ತೆ, ಕಾಯಿ ಇಳುವರಿ ಕುಸಿಯುತ್ತೆ. ರಸದ ಜೊತೆ ಅಗಿದ ನಾರು ಹೊರಗೆ ಬಂದಿದ್ದು, ತೂತು ಕಂಡರೆ ಅದು ಕೆಂಪು ಮೂತಿ ಹುಳು. ಕಾಂಡಕ್ಕೆ ಕಿವಿ ಇಟ್ಟರೆ ಒಳಗೆ ಕರಕರ ಸದ್ದು ಕೇಳಿಸಬಹುದು. ಸೋರಿಕೆ ಬುಡದಲ್ಲೇ ಶುರುವಾಗಿ ಮೇಲೇರ್ತಾ ಇದ್ದು, ಬುಡದಲ್ಲಿ ಅಣಬೆ ಎದ್ದಿದ್ದರೆ ಅದು ಅಣಬೆ ರೋಗ, ಮೂರರಲ್ಲಿ ಅದೇ ಕೆಟ್ಟದ್ದು.

ಕಾಂಡ ಸೋರುವ ರೋಗಕ್ಕೆ ಕೊಳೆತ ಭಾಗವನ್ನ ಉಳಿಯಿಂದ ಆರೋಗ್ಯವಾದ ಭಾಗ ಕಾಣೋವರೆಗೆ ಕೆತ್ತಿ ತೆಗೆದು ಬೋರ್ಡೋ ಮುಲಾಮು ಹಚ್ಚಬೇಕು. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರಿಗೆ ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬದಲ್ಲಿ ಕಲಸಿ ಆಮೇಲೆ ಸೇರಿಸೋದು. ಕೆತ್ತಿದ ಚೂರುಗಳನ್ನ ತೋಟದಲ್ಲೇ ಬಿಡದೆ ಸುಡಬೇಕು. ಬುಡಕ್ಕೆ 5 ಕೆಜಿ ಬೇವಿನ ಹಿಂಡಿ ಜೊತೆ ಟ್ರೈಕೋಡರ್ಮಾ ಕೊಡಬೇಕು. ಬೇರಿಗೆ ಕೊಡೋ ಔಷಧಿಯ ಪ್ರಮಾಣವನ್ನ ಅಂಗಡಿಯವರ ಮಾತಿನ ಮೇಲೆ ಹಾಕದೆ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ತಾಲ್ಲೂಕು ತೋಟಗಾರಿಕೆ ಇಲಾಖೆಯಲ್ಲಿ ಕೇಳೋದು ಒಳ್ಳೇದು.

ರಸ್ತೆ ಬದಿಯ ಹರಳು ಲೋಳೆ

ಇದು ಹೊಸ ಕಾಲದ್ದು. ಹೆದ್ದಾರಿ ಪಕ್ಕ, ರಿಂಗ್ ರಸ್ತೆ ಬದಿ, ಕೆರೆ ಏರಿ ಕೆಳಗೆ ತಿಳಿಯಾದ, ಹರಳು ಹರಳಾದ ಲೋಳೆ ರಾಶಿ ಕಂಡರೆ ಸುತ್ತ ಬಿಳಿ ಹತ್ತಿ, ಪ್ಲಾಸ್ಟಿಕ್ ಚೂರು ಇದೆಯಾ ನೋಡಿ. ಇದ್ದರೆ ಅದು ಡೈಪರ್ ಒಳಗಿನ ಪುಡಿ. ತನ್ನ ತೂಕದ ನೂರಾರು ಪಟ್ಟು ನೀರು ಹೀರೋ ರಾಸಾಯನಿಕ ಅದು. ನಾಯಿ ಡೈಪರ್ ಹರಿದಾಗ ಪುಡಿ ಚೆಲ್ಲಿ, ಮಳೆಗೆ ಉಬ್ಬುತ್ತೆ. ಪರೀಕ್ಷೆ ಸುಲಭ: ಒಂದು ಚಮಚ ಅಡುಗೆ ಉಪ್ಪು ಉದುರಿಸಿ. ಈ ಜೆಲ್ ಆದರೆ ಸ್ವಲ್ಪ ಹೊತ್ತಲ್ಲೇ ಕುಸಿದು ನೀರು ಬಿಡುತ್ತೆ. ನಾಸ್ಟಾಕ್ ಆಗಲಿ ಕಪ್ಪೆ ಲೋಳೆ ಆಗಲಿ ಹಾಗೆ ನೀರಾಗಲ್ಲ.

ದನ ಕಸದ ಜೊತೆ ಇದನ್ನ ನುಂಗಿದರೆ ಪ್ಲಾಸ್ಟಿಕ್ ಸಮೇತ ಹೊಟ್ಟೆಯಲ್ಲಿ ಕೂರುತ್ತೆ. ಘನತ್ಯಾಜ್ಯ ನಿಯಮದ ಪ್ರಕಾರ ಡೈಪರನ್ನ ಸುತ್ತಿ ಬೇರೆಯಾಗಿ ಕಸದ ಗಾಡಿಗೆ ಕೊಡಬೇಕು. ಗಾಡಿ ಬರದ ಊರಲ್ಲಿ ಎಲ್ಲಿ ಕೊಡೋದು ಅನ್ನೋ ಪ್ರಶ್ನೆ ನ್ಯಾಯವಾದದ್ದೇ, ಅದನ್ನ ಗ್ರಾಮಸಭೆಯಲ್ಲಿ ಎತ್ತಬೇಕು.

ಬಣ್ಣ ಬಣ್ಣದ ಗೋಲಿಯಂಥ ಲೋಳೆ ಸಿಕ್ಕರೆ ಅದು ಆಟದ ನೀರುಮಣಿ. ಅಂಗಡಿಯವರು ಇದನ್ನ ಗಮನ ಇಟ್ಟು ಓದಬೇಕು. ಒಣಗಿದ್ದಾಗ ಸಾಬಕ್ಕಿಯಷ್ಟು, ನೀರಲ್ಲಿ ಗೋಲಿಯಷ್ಟು. ಮಗು ಮಿಠಾಯಿ ಅಂತ ನುಂಗಿದರೆ ಹೊಟ್ಟೆಯೊಳಗೆ ಉಬ್ಬಿ ಕರುಳು ಕಟ್ಟುತ್ತೆ. ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣಲ್ಲ, ಅದಕ್ಕೇ ಡಾಕ್ಟರಿಗೆ ಹೇಳದಿದ್ದರೆ ಗೊತ್ತಾಗೋದು ತಡ. ಅಮೆರಿಕದಲ್ಲಿ ಅಮೆಜಾನ್, ವಾಲ್‌ಮಾರ್ಟ್, ಟಾರ್ಗೆಟ್ 2023ರ ಕೊನೆಯಲ್ಲಿ ಮಕ್ಕಳ ಆಟಕ್ಕೆ ಅಂತ ಇದನ್ನ ಮಾರೋದು ನಿಲ್ಲಿಸಿದವು. ಮಿಠಾಯಿ ಡಬ್ಬದ ಪಕ್ಕ ಇದನ್ನ ನೇತು ಹಾಕೋದಂತೂ ಬೇಡವೇ ಬೇಡ. ಮಗು ನುಂಗಿದ ಅನುಮಾನ ಬಂದರೆ ವಾಂತಿ ಬರೋವರೆಗೆ ಕಾಯದೆ ಮಣಿಯ ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಹೋಗಿ.

ಹೊಲದ ಮಣ್ಣಿನ ಒಳಗೆ, ಬೇರಿನ ಹತ್ತಿರ ಇಂಥ ಜೆಲ್ ಸಿಕ್ಕರೆ ಹೆದರಬೇಡಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ತಯಾರಿಸಿದ ಪೂಸಾ ಹೈಡ್ರೋಜೆಲ್‌ನಂಥದ್ದನ್ನ ಮಳೆಯಾಶ್ರಿತ ಬೆಳೆಗೆ ತೇವ ಉಳಿಸೋಕೆ ಎಕರೆಗೆ ಒಂದೆರಡು ಕೆಜಿ ಹಾಕ್ತಾರೆ. ಜಮೀನು ಗುತ್ತಿಗೆಗೆ ಕೊಟ್ಟಿದ್ದರೆ ಗುತ್ತಿಗೆದಾರರನ್ನ ಕೇಳಿದರೆ ಗೊತ್ತಾಗುತ್ತೆ.

ಇನ್ನೂ ಕೆಲವು

ಗೊಬ್ಬರದ ಗುಂಡಿ, ಕೊಳೆತ ಸೋಗೆ ಮೇಲೆ ರಾತ್ರಿ ಬೆಳಗಾಗೋದರಲ್ಲಿ ಹಳದಿ ವಾಂತಿಯಂಥದ್ದು ಹರಡಿದ್ದರೆ ಅದು ಲೋಳೆ ಬೂಷ್ಟು. ಒಂದೆರಡು ದಿನಕ್ಕೆ ಒಣಗಿ ಕಂದು ಪುಡಿ ಆಗುತ್ತೆ. ನಿಧಾನಕ್ಕೆ ಜಾಗವನ್ನೂ ಬದಲಿಸುತ್ತೆ. ಇದರದ್ದೇ ಒಂದು ಜಾತಿಗೆ ಜಪಾನಿನಲ್ಲಿ ಟೋಕಿಯೊ ಸುತ್ತಲ ಊರುಗಳ ಜಾಗದಲ್ಲಿ ಓಟ್ಸ್ ಇಟ್ಟು ಬಿಟ್ಟಾಗ, ಅದು ಅಲ್ಲಿನ ರೈಲು ಮಾರ್ಗದ ಹಾಗೇ ಎಳೆ ಹರಡಿತ್ತು. ಆ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಮಿದುಳಿಲ್ಲದ ಜೀವಿಗೆ ಇದು ಕಡಿಮೆ ಸಾಧನೆ ಏನಲ್ಲ. ಒಣ ಕೊರಡಿಗೆ ಅಂಟಿದ ಕಿವಿಯಾಕಾರದ ಕಂದು ಲೋಳೆ ಅಣಬೆ ಜಾತಿ. ಹುಲ್ಲಿನ ದಂಟಿಗೆ ಉಗುಳಿದಂಥ ನೊರೆ ಇದ್ದರೆ ಅದರೊಳಗೆ ಸಣ್ಣ ಹಸಿರು ಹುಳು ಕೂತಿರುತ್ತೆ.

ಬೇಲಿ ಪಕ್ಕ, ಬಂಡೆಯ ಗುಳಿಯಲ್ಲಿ ಹಸಿರು ಹಲ್ವದಂಥ ಗಟ್ಟಿ ಲೋಳೆ ಸಿಕ್ಕರೆ ಮಾತ್ರ ಊರಿನ ಹುಡುಗರನ್ನ ಕೇಳಿ. ದಾಗಡಿ ಬಳ್ಳಿ ಎಲೆಯನ್ನ ನೀರಲ್ಲಿ ಚೆನ್ನಾಗಿ ಕಿವುಚಿ ಸೋಸಿಟ್ಟರೆ ಕೆಲವೇ ನಿಮಿಷಕ್ಕೆ ಹೆಪ್ಪುಗಟ್ಟುತ್ತೆ. ದನ ಕಾಯೋ ಹುಡುಗರ ಹಳೇ ಆಟ ಅದು.

ಇಷ್ಟಾದರೂ ಗುರುತು ಸಿಗದಿದ್ದರೆ ಒಂದು ಚೂರನ್ನ ಕಡ್ಡಿಯಿಂದ ಎತ್ತಿ ಮುಚ್ಚಳ ಇರೋ ಗಾಜಿನ ಸೀಸೆಗೆ ಹಾಕಿ, ಜಾಗ ಮತ್ತು ದಿನ ಬರೆದು, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ಇಲ್ಲವೇ ಪ್ರಾಣಿಶಾಸ್ತ್ರ ವಿಭಾಗಕ್ಕೆ ತೋರಿಸಬಹುದು. ಬೆಳೆಗೆ ಸಂಬಂಧಿಸಿದ್ದಾದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಜಾನುವಾರು ವಿಷಯ ಆದರೆ 1962. ಎರಡಕ್ಕೂ ದುಡ್ಡಿಲ್ಲ. ಕಂದು ಹಾಕಿದ ಹಸುವಿನ ಮಾಸು ಅನ್ನೋ ಅನುಮಾನ ಇದ್ದರೆ ಮಾತ್ರ ಸೀಸೆಗೆ ಹಾಕಿಕೊಂಡು ಓಡಾಡಬೇಡಿ, ಅಲ್ಲೇ ಬಿಟ್ಟು ನಾಯಿ ಬರದ ಹಾಗೆ ಕಾದು ಪಶು ಆಸ್ಪತ್ರೆಗೆ ಫೋನ್ ಮಾಡಿ.